ಕೊನೆಯ ತಿರುವಿನ ಮೊಣಕೈ

ಟಿವಿಯಲ್ಲಿ ಓಟದ ಪಂದ್ಯ ಬಂತೆಂದರೆ ಆ ಮನೆಯಲ್ಲಿ ಯಾರಾದರೊಬ್ಬರು ಚಾನೆಲ್ ಬದಲಿಸುತ್ತಿದ್ದರು. ಬದಲಿಸಿ ಎಂದು ಯಾರೂ ಯಾರಿಗೂ ಹೇಳುತ್ತಿರಲಿಲ್ಲ. ಸೊಸೆ ಮದುವೆಯಾಗಿ ಬಂದ ಹೊಸತರಲ್ಲಿ ಒಂದು ಸಂಜೆ ಏನೂ ಅರಿಯದೆ ನೋಡುತ್ತ ಕುಳಿತಿದ್ದಾಗ, ಗಂಡ ಅವಳ ಕೈಯಿಂದ ರಿಮೋಟ್ ಇಸಿದುಕೊಂಡು ಅಡುಗೆ ಕಾರ್ಯಕ್ರಮ ಹಾಕಿದ್ದ. ಅತ್ತೆ ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದಾರೆಂದು ಖಾತ್ರಿ ಮಾಡಿಕೊಂಡು ಮೆಲ್ಲಗೆ ಹೇಳಿದ್ದ:

"ಅಮ್ಮ ಮೊದಲು ಓಡ್ತಿದ್ಲು. ಹಾಗೆ ಹೀಗೆ ಅಲ್ಲ, ಪೇಪರ್‌ನಲ್ಲಿ ಫೋಟೋ ಬರೋ ಅಷ್ಟು. ಒಂದು ಫೈನಲ್‌ನಲ್ಲಿ ಪಕ್ಕದಲ್ಲಿ ಓಡ್ತಿದ್ದವಳು ಬಿದ್ದಳು. ಇವಳೇ ಮೊಣಕೈಯಿಂದ ತಳ್ಳಿದ್ದು ಅಂತ ಜನ ಹುಯಿಲೆಬ್ಬಿಸಿದ್ರು. ತಳ್ಳಿರಲಿಲ್ಲ. ಅಷ್ಟೇ ವಿಷಯ. ಇನ್ನು ಇದರ ಮಾತು ಈ ಮನೇಲಿ ಬೇಡ."

ಸೊಸೆ ಹದಿಮೂರು ವರ್ಷ ಆ ಮಾತೆತ್ತಲಿಲ್ಲ. ಎತ್ತುವ ಪ್ರಮೇಯವೂ ಬರಲಿಲ್ಲ. ಅವಳು ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಗಂಡ ಲಿಫ್ಟ್ ಮೆಕ್ಯಾನಿಕ್. ಮಾವ ಬಸ್ ಡ್ರೈವರ್ ಆಗಿದ್ದವರು, ಸೊಸೆಗೆ ಮಗಳು ಹುಟ್ಟಿದ ವರ್ಷವೇ ತೀರಿಕೊಂಡರು. ಆ ಮಗಳಿಗೆ ಈಗ ಹನ್ನೆರಡು. ಒಂದು ಗಳಿಗೆ ಒಂದು ಕಡೆ ಕೂರದವಳಾದ್ದರಿಂದ ಮನೆಯಲ್ಲಿ ಅವಳನ್ನು ಮಿಡತೆ ಎನ್ನುತ್ತಿದ್ದರು. ಅತ್ತೆ ಅಡುಗೆ ಮಾಡುತ್ತ, ಮಿಡತೆಯ ಜಡೆ ಹೆಣೆಯುತ್ತ, ಅಕ್ಕಪಕ್ಕದವರೊಂದಿಗೆ ಅಳೆದು ತೂಗಿ ಎರಡು ಮಾತಾಡುತ್ತ ಇದ್ದರು. ಅರವತ್ತರ ಅವರು ನಡೆಯುವುದನ್ನು ಕಂಡರೆ ಓಟದವರೆಂದು ಯಾರೂ ಹೇಳುವಂತಿರಲಿಲ್ಲ.

ಆ ವರ್ಷ ಒಂದು ಚಾನೆಲ್‌ನವರು ಹೊಸ ಕಾರ್ಯಕ್ರಮ ಶುರು ಮಾಡಿದರು. ಕ್ರೀಡೆಯ ಹಳೆಯ ಜಗಳಗಳನ್ನೆಲ್ಲ ಅಗೆದು ತೆಗೆಯುವುದು, ಹಳೆಯ ಫಿಲ್ಮನ್ನು ನಿಧಾನಕ್ಕೆ ಓಡಿಸಿ ತೋರಿಸುವುದು, ಕೊನೆಗೆ ತಪ್ಪು ಯಾರದೆಂದು ನೋಡುಗರಿಂದ ಓಟು ಹಾಕಿಸುವುದು. ಮೊದಲ ವಾರ ರೆಫರಿಯೊಬ್ಬ ಒಪ್ಪದೆ ಹೋದ ಗೋಲು. ಎರಡನೇ ವಾರ ಒಬ್ಬ ಮುಷ್ಟಿಯೋಧನ ಕೈಗವಸಿನೊಳಗೆ ಕಬ್ಬಿಣದ ಚೂರಿತ್ತೆ ಇಲ್ಲವೇ ಎಂಬ ತಕರಾರು. ಊರಿನ ಬಾಯಲ್ಲೆಲ್ಲ ಅದೇ ಮಾತು. ಅಂಗಡಿಯ ಗೋಡೆಯ ಟಿವಿಯಲ್ಲಿ ಮಾಲೀಕರು ತಪ್ಪದೆ ಹಾಕುತ್ತಿದ್ದರು. ಸೊಸೆ ಕೆಲಸ ಮಾಡುತ್ತಲೇ ಕಿವಿಗೊಡುತ್ತಿದ್ದಳು. ಬೇರೆಯವರ ಜಗಳ ಕೇಳಲು ಚೆನ್ನಾಗಿಯೇ ಇತ್ತು.

ನಾಲ್ಕನೇ ವಾರ, ಸಂಜೆ ಆರೂವರೆಗೆ, ಗಿರಾಕಿಯೊಬ್ಬರ ಕನ್ನಡಕಕ್ಕೆ ಸಣ್ಣ ತಿರುಪು ಹಾಕುತ್ತಿದ್ದವಳು ತಲೆಯೆತ್ತಿ ನೋಡಿದರೆ, ಟಿವಿಯಲ್ಲಿ ಅತ್ತೆ ಓಡುತ್ತಿದ್ದರು.

ಇಪ್ಪತ್ತೆರಡು ವರ್ಷದ ಅತ್ತೆ. ಕಡ್ಡಿಯಂಥ ಕಾಲು, ಬಿಗಿದು ಕಟ್ಟಿದ ಕೂದಲು. ಗದ್ದ ಮಾತ್ರ ಇಂದಿನದೇ, ಮುಂದಕ್ಕೆ ಚಾಚಿದ್ದು. ಅವರ ಹೊರಬದಿಗೆ ಜಡೆಗೆ ಬಿಳಿ ರಿಬ್ಬನ್ ಕಟ್ಟಿದ ಇನ್ನೊಬ್ಬಳು ಮುನ್ನುಗ್ಗಿ ಬರುತ್ತಿದ್ದಳು. ಸಾವಿರದೈನೂರು ಮೀಟರ್ ಫೈನಲ್, ಕೊನೆಯ ತಿರುವು. ಗೆದ್ದವಳೊಬ್ಬಳಿಗೇ ದೊಡ್ಡ ಕ್ರೀಡಾಕೂಟದ ಟಿಕೆಟ್ ಎಂದು ನಿರೂಪಕ ಹೇಳುತ್ತಿದ್ದ. ಇಬ್ಬರ ಭುಜ ಸಮಕ್ಕೆ ಬಂದವು. ಏನೋ ಆಯಿತು. ರಿಬ್ಬನ್ನಿನವಳು ಮುಗ್ಗರಿಸಿ ಉರುಳಿದಳು. ಹಿಂದಿನಿಂದ ಬರುತ್ತಿದ್ದವಳು ತಡೆಯಲಾರದೆ ಅವಳ ಮಂಡಿಯ ಮೇಲೇ ಕಾಲಿಟ್ಟಳು.

"ಮತ್ತೊಮ್ಮೆ ನೋಡೋಣ," ಎಂದ ನಿರೂಪಕ. ಮತ್ತೊಮ್ಮೆ ತೋರಿಸಿದರು. ಆಮೇಲೆ ಇನ್ನೂ ನಿಧಾನವಾಗಿ. ಮೊಣಕೈಯ ಸುತ್ತ ಕೆಂಪು ಗೆರೆ ಎಳೆದು ತೋರಿಸಿದರು.

"ನೋಡ್ರಿ, ನೋಡ್ರಿ, ಹೇಗೆ ತಿವಿದಳು!" ಕನ್ನಡಕಕ್ಕೆ ಕಾದಿದ್ದ ಗಿರಾಕಿ ಕೂಗಿದರು.

"ತಿವಿದಿದ್ದಲ್ಲ ಸಾರ್, ಓಡುವಾಗ ಕೈ ಆಡಿಸೋದಿಲ್ವಾ?" ಎಂದರು ಮಾಲೀಕರು. "ಆ ರಿಬ್ಬನ್ನಿಗೆ ಉಸಿರು ಮುಗಿದಿತ್ತು. ಸೋಲ್ತೀನಿ ಅಂತ ಗೊತ್ತಾಗಿ ಬಿದ್ದಳು. ಆಮೇಲೆ ತಳ್ಳಿದಳು ಅಂತ ಕಥೆ ಕಟ್ಟಿದಳು. ನಮ್ಮಪ್ಪ ಅವತ್ತು ಮೈದಾನದಲ್ಲೇ ಇದ್ರು."

"ನಿಮ್ಮಪ್ಪನ ಕಣ್ಣಿಗೂ ನಿಮ್ಮಲ್ಲೇ ಕನ್ನಡಕ ಮಾಡಿಸಿದ್ರಾ?"

ಇಬ್ಬರೂ ನಗುತ್ತ ಶುರು ಮಾಡಿದ್ದು ಐದು ನಿಮಿಷದಲ್ಲಿ ಕೈಕೈ ಮಿಲಾಯಿಸುವ ಮಟ್ಟಕ್ಕೆ ಹೋಯಿತು. ಸೊಸೆಯ ಬೆರಳಿನಿಂದ ತಿರುಪು ಜಾರಿ ಎಲ್ಲಿ ಬಿತ್ತೋ ಕಾಣಲಿಲ್ಲ. ಮೇಜಿನ ಕೆಳಗೆ ಮಂಡಿಯೂರಿ ಹುಡುಕುವ ನೆವದಲ್ಲಿ ಅಲ್ಲೇ ಉಳಿದಳು. ಮೇಲಿನಿಂದ ನಿರೂಪಕನ ದನಿ ಕೇಳಿಸಿತು: "ಮೊಣಕೈ ಅಂತಲೇ ಹೆಸರಾದ ಆಕೆ ಈಗ ಎಲ್ಲಿದ್ದಾರೆ? ಗೊತ್ತಿದ್ದವರು ನಮಗೆ ತಿಳಿಸಿ."

ತಿಳಿಸಲು ಜನರಿಗೆ ಎರಡು ದಿನವೂ ಹಿಡಿಯಲಿಲ್ಲ.

ಮೊದಲು ಫೋನ್ ಕರೆಗಳು ಬಂದವು. ಕೆಲವರು ಬೈದರು. ಕೆಲವರು ಮಾತೇ ಆಡದೆ ಉಸಿರು ಬಿಡುತ್ತ ಕಾಯುತ್ತಿದ್ದರು. ಬೈಯುವವರೇ ವಾಸಿ ಅನಿಸುತ್ತಿತ್ತು. ಆಮೇಲೆ ಯಾರೋ ಇಂಟರ್ನೆಟ್‌ನಲ್ಲಿ ಮನೆಯ ಫೋಟೋ ಹಾಕಿದರು: ನೀಲಿ ಗೇಟು, ತಂತಿಯ ಮೇಲೆ ಒಣಗಲು ಹಾಕಿದ ಮಿಡತೆಯ ಶಾಲೆಯ ಅಂಗಿ. ಆ ಅಂಗಿ ನೋಡಿದ ದಿನವೇ ಸೊಸೆ ತಂತಿ ಬಿಚ್ಚಿಹಾಕಿದಳು. ಅಂದಿನಿಂದ ಬಟ್ಟೆಯನ್ನು ಒಳಗೇ, ಕುರ್ಚಿಗಳ ಬೆನ್ನಿನ ಮೇಲೆ ಒಣಗಿಸಿದರು. ಮನೆಯೆಲ್ಲ ಒದ್ದೆ ಬಟ್ಟೆಯ ಮುಗ್ಗಲು ವಾಸನೆ.

ಓಟಿನ ಲೆಕ್ಕವೂ ಬಂತು. ನೂರಕ್ಕೆ ಅರವತ್ತೊಂದು ಮಂದಿ ತಳ್ಳಿದಳು ಎಂದರು, ಮೂವತ್ತೊಂಬತ್ತು ಮಂದಿ ಇಲ್ಲ ಎಂದರು. ಬ್ರೆಡ್ಡಿನ ಅಂಗಡಿಯವನು ಅರವತ್ತೊಂದರ ಪೈಕಿ. ಅತ್ತೆ ಹೋಗಿ ನಿಂತರೆ ಅವರ ಹಿಂದಿದ್ದವರಿಗೆ ಮೊದಲು ಕೊಡತೊಡಗಿದ. ಎದುರುಮನೆಯ ಟೈಲರ್ ಮೂವತ್ತೊಂಬತ್ತರ ಪೈಕಿ, ಅವನು ಬೀದಿಗೆಲ್ಲ ಕೇಳುವಂತೆ "ನೀವೇನೂ ಹೆದರಬೇಡಿ ಅಮ್ಮಾ, ನಾವಿದ್ದೀವಿ!" ಎಂದು ಕೂಗಿದಾಗಲೆಲ್ಲ ಸೊಸೆಗೆ ಇನ್ನಷ್ಟು ಹೆದರಿಕೆಯಾಗುತ್ತಿತ್ತು.

ಒಂದು ಸಂಜೆ ಮಿಡತೆ ಚೀಲ ಎಸೆದು ಅಡುಗೆಮನೆಯ ಬಾಗಿಲಲ್ಲಿ ನಿಂತಳು. "ನಾನು ಹೋಗ್ತಿದ್ರೆ ಎಲ್ಲರೂ ಮೊಣಕೈ ಚಾಚ್ತಾರೆ, ಅಜ್ಜಿ. ಸಾಲಾಗಿ ನಿಂತ್ಕೊಂಡು. ಟೀಚರ್ ನೋಡಿದ್ರೂ ಸುಮ್ಮನಿದ್ರು. ಟೀಚರ್ ಕೂಡ ನಕ್ಕರು."

ಅತ್ತೆ ಬೀನ್ಸ್ ನಾರು ತೆಗೆಯುತ್ತಿದ್ದರು. "ಊಟಕ್ಕೆ ಮೊಟ್ಟೆ ಹಾಕ್ಲಾ?" ಎಂದರು.

"ಅಜ್ಜಿ, ನೀನು ತಳ್ಳಿದ್ಯಾ?"

"ಲೇ ಮಿಡತೆ!" ಅಪ್ಪ ಒಳಗಿನಿಂದ ಗುಡುಗಿದ. "ನಿನ್ನ ಅಜ್ಜಿ ಯಾರನ್ನೂ ತಳ್ಳಿಲ್ಲ. ನಾನು ನಿನ್ನಷ್ಟಿದ್ದಾಗ ಹಾಗಂದವನ ಮುಂದಿನ ಹಲ್ಲು ಉದುರಿಸಿದ್ದೆ, ಗೊತ್ತಾ? ನಾಳೆ ಯಾರಾದ್ರೂ ಕೇಳಿದ್ರೆ ತಲೆಯೆತ್ತಿ ಹೇಳು. ಇಲ್ಲ ಅಂತ ಹೇಳು."

ಬೀನ್ಸ್ ಪಾತ್ರೆಯ ಮೇಲೆ ಬಾಗಿದ್ದ ಅತ್ತೆಯ ಮುಖ ಸೊಸೆಗೆ ಕಾಣಲಿಲ್ಲ. ಕೈಗಳು ಮಾತ್ರ ಕಂಡವು. ಅವು ನಿಂತುಬಿಟ್ಟಿದ್ದವು.

ಎರಡನೇ ವಾರಕ್ಕೆ ಗಂಡನ ಕೆಲಸಕ್ಕೂ ಕುತ್ತು ಬಂತು. ಮೂರು ಕಟ್ಟಡದವರು, ಲಿಫ್ಟ್ ರಿಪೇರಿಗೆ ಬೇರೆಯವರನ್ನು ಕಳಿಸಿ ಎಂದು ಕಂಪನಿಗೆ ಹೇಳಿದರು. ಅದೇ ವಾರ ರಸ್ತೆಯಾಚೆ ಒಂದು ಸ್ಕೂಟರ್ ಬಂದು ನಿಲ್ಲತೊಡಗಿತು. ಅದರ ಮೇಲೊಬ್ಬ ದಪ್ಪನೆಯ ಆಳು, ಬೂದುಬಣ್ಣದ ಹೆಲ್ಮೆಟ್ ಕೂಡ ತೆಗೆಯದೆ ಮನೆಯನ್ನೇ ನೋಡುತ್ತ ಕೂರುತ್ತಿದ್ದ. ಕಾಲು ಗಂಟೆ, ಒಮ್ಮೊಮ್ಮೆ ಅರ್ಧ ಗಂಟೆ. ಯಾರಾದರೂ ಹೊರಗೆ ಬಂದರೆ ಸ್ಕೂಟರ್ ಹೊರಡುತ್ತಿತ್ತು.

ಗಂಡ ಹೆಂಡತಿ ಇಬ್ಬರೂ ಪೊಲೀಸ್ ಠಾಣೆಗೆ ಹೋದರು. ಬರೆದುಕೊಳ್ಳುತ್ತಿದ್ದ ಅಧಿಕಾರಿ ಅರ್ಧದಲ್ಲಿ ಪೆನ್ನು ಕೆಳಗಿಟ್ಟು, ಮುಂದಕ್ಕೆ ಬಾಗಿ ಕೇಳಿದ: "ಇದು ನಮ್ಮನಮ್ಮಲ್ಲಿ ಇರಲಿ. ನಿಜ ಹೇಳಿ, ತಳ್ಳಿದ್ರಾ?"

ಮನೆಗೆ ಬಂದ ಗಂಡ ಬೂಟು ಬಿಚ್ಚದೆ ಊಟದ ಮೇಜಿಗೆ ಕೂತ.

"ಅಮ್ಮ, ಚಾನೆಲ್‌ನವರು ಮತ್ತೆ ಫೋನ್ ಮಾಡಿದ್ರು. ನೀನು ಹೋಗು. ಹತ್ತು ನಿಮಿಷ ಕೂತು, ನಾನು ತಳ್ಳಲಿಲ್ಲ ಅಂತ ಒಂದು ಮಾತು ಹೇಳಿ ಬಾ."

"ಆಗಲ್ಲ."

"ಯಾಕಾಗಲ್ಲ? ಅವತ್ತಿನ ವಿಚಾರಣೆ ಸಮಿತಿಯವರೇ ತಪ್ಪು ಅಂತ ಹೇಳಲಿಲ್ಲ."

"ಖಚಿತವಾಗಿ ಹೇಳೋಕಾಗಲ್ಲ ಅಂದ್ರು," ಅತ್ತೆ ಮಗನ ತಟ್ಟೆಗೆ ಆಲೂಗಡ್ಡೆ ಬಡಿಸಿದರು. "ಅದನ್ನ ಹೇಳೋಕೆ ಎರಡು ತಿಂಗಳು ತಗೊಂಡ್ರು. ಅಷ್ಟರಲ್ಲಿ ತಂಡ ನನ್ನ ಬಿಟ್ಟು ವಿಮಾನ ಹತ್ತಿತು."

"ಅದನ್ನೇ ಹೇಳು! ನಿನಗೆ ಅನ್ಯಾಯ ಆಯ್ತು ಅಂತ ಹೇಳು! ಬಾಯಿಗೆ ಬೀಗ ಹಾಕ್ಕೊಂಡು ಕೂತ್ರೆ ಜನ ಏನಂದ್ಕೋತಾರೆ? ನನ್ನ ಕೆಲಸ ಹೋಗ್ತಿದೆ. ನಿನ್ನ ಮೊಮ್ಮಗಳು ಶಾಲೆಗೆ ಹೋಗಲ್ಲ ಅಂತ ಅಳ್ತಾಳೆ. ನಿನಗೆ ನಿನ್ನ ಹಟವೇ ದೊಡ್ಡದಾಯ್ತಾ?"

"ಆರಿಹೋಗುತ್ತೆ, ಊಟ ಮಾಡು."

ಅವನು ತಟ್ಟೆ ತಳ್ಳಿ ಎದ್ದ. ಸೊಸೆಯೊಳಗೆ ಈಗ ಎರಡು ಭಯ ಬೇರು ಬಿಟ್ಟಿದ್ದವು. ಒಂದು ಹೊರಗಿನವರದು. ಇನ್ನೊಂದನ್ನು ಗಂಡನ ಬಳಿಯೂ ಆಡುವಂತಿರಲಿಲ್ಲ: ಅತ್ತೆ ಹಾಗೆ ಮಾಡಿಲ್ಲವೆಂದಾದರೆ, ಮಾಡಿಲ್ಲ ಎಂದು ಇಷ್ಟು ದಿನದಲ್ಲಿ ಒಮ್ಮೆಯೂ ಯಾಕೆ ಹೇಳಲಿಲ್ಲ?

ಭಾನುವಾರ ಮಧ್ಯಾಹ್ನ ನಾಲ್ವರೂ ಊಟಕ್ಕೆ ಕೂತಿದ್ದರು. ಗಂಡ ಇನ್ನೂ ಮುಖ ಊದಿಸಿಕೊಂಡಿದ್ದ. ಮಿಡತೆ ಏನೋ ಹೇಳುತ್ತ ಉಪ್ಪಿಗೆ ಕೈಚಾಚಿದಳು. ಕಿಟಕಿಯ ಗಾಜು ಸಿಡಿಯಿತು. ಮುಷ್ಟಿಗಾತ್ರದ ಕಲ್ಲೊಂದು ಮೇಜಿನ ಮೇಲೆ ಬಿದ್ದು, ನೀರಿನ ಜಗ್ಗನ್ನು ಉರುಳಿಸಿ ನೆಲಕ್ಕೆ ಹಾರಿತು. ಹೊರಗೆ ಓಡುವ ಹೆಜ್ಜೆಗಳು, ಒಂದು ಕೇಕೆ. ಆಮೇಲೆ ಏನೂ ಇಲ್ಲ.

ಮಿಡತೆ ಅಳಲಿಲ್ಲ. ಹುಬ್ಬಿನ ಮೇಲೆ ಬೆರಳಿಟ್ಟು, ಬೆರಳನ್ನು ಕಣ್ಣ ಮುಂದೆ ಹಿಡಿದು, "ಅಮ್ಮಾ, ರಕ್ತ," ಎಂದಳು, ಬೇರೆ ಯಾರದೋ ರಕ್ತವೆಂಬಂತೆ.

ಮೂರು ಹೊಲಿಗೆ ಬಿದ್ದವು. ಗಾಜಿನ ಚೂರು ಒಂದು ಬೆರಳಷ್ಟು ಕೆಳಗೆ ತಾಗಿದ್ದರೆ ಕಣ್ಣೇ ಹೋಗುತ್ತಿತ್ತು ಎಂದರು ಡಾಕ್ಟರು. ಕನ್ನಡಕದ ಅಂಗಡಿಯಲ್ಲಿ ದಿನಾ ಕಣ್ಣುಗಳನ್ನು ನೋಡುವ ಸೊಸೆ ಮಗಳ ಮುಖವನ್ನು ಬೆಳಕಿಗೆ ತಿರುಗಿಸಿ ಎರಡೂ ಕಣ್ಣುಗಳನ್ನು ಮತ್ತೆ ಮತ್ತೆ ನೋಡಿದಳು.

ಆಸ್ಪತ್ರೆಯಿಂದ ಬಂದು ಮಗುವನ್ನು ಮಲಗಿಸಿ ಹೊರಬಂದರೆ, ಅತ್ತೆ ಅಡುಗೆಮನೆಯ ನೆಲದ ಮೇಲೆ ಕೂತಿದ್ದರು. ಗಾಜು ಗುಡಿಸಿ ಆಗಿತ್ತು. ಗಂಡ ಕಿಟಕಿಗೆ ರಟ್ಟು ಬಡಿಯುತ್ತಿದ್ದ.

"ಸುತ್ತಿಗೆ ಕೆಳಗಿಡು," ಎಂದರು ಅತ್ತೆ. "ಕೇಳಿ ಇಬ್ಬರೂ. ನಾನು ತಳ್ಳಿದೆ."

ಗಂಡ ಬಾಯಲ್ಲಿ ಕಚ್ಚಿಕೊಂಡಿದ್ದ ಮೊಳೆಗಳನ್ನು ಒಂದೊಂದಾಗಿ ತೆಗೆದ. "ಏನು?"

"ಅವಳ ಉಸಿರು ನನ್ನ ಕಿವಿಗೆ ಬೀಳ್ತಿತ್ತು. ಎಂಟು ವರ್ಷ ಓಡಿದ್ದೆ, ಆ ಒಂದು ದಿನಕ್ಕೆ. ಆ ಉಸಿರು ನಿಂತರೆ ಸಾಕು ಅನ್ನಿಸ್ತು. ಕೈ ತಾನಾಗಿ ಹೋಯ್ತು ಅಂತ ನನಗೆ ನಾನೇ ಹೇಳ್ಕೊಂಡು ಬಂದೆ, ಮೂವತ್ತೆಂಟು ವರ್ಷ. ತಾನಾಗಿ ಹೋಗಲಿಲ್ಲ. ನಾನು ಕಳಿಸಿದೆ."

"ನೀನೀಗ ಹೆದರಿ ಏನೇನೋ ಮಾತಾಡ್ತಿದ್ದೀಯ ಅಮ್ಮ."

"ಹೆದರಿದ್ದೀನಿ. ಆದ್ರೆ ಹೇಳ್ತಿರೋದು ನಿಜ."

"ಅಪ್ಪನಿಗೆ ಗೊತ್ತಿತ್ತಾ?"

"ಅವರು ಕೇಳಲಿಲ್ಲ. ಕೇಳೋ ಜನ ಅಲ್ಲ ಅಂತಲೇ ಅವರನ್ನ ಮದುವೆ ಆದೆ."

ಗಂಡ ಕೂಗಾಡುತ್ತಾನೆಂದು ಸೊಸೆ ಕಾದಳು. ಅವನು ಕೂಗಲಿಲ್ಲ. "ನಾನು ಒಬ್ಬನ ಹಲ್ಲು ಮುರಿದೆ ಅಮ್ಮ," ಎಂದ, ಸಣ್ಣ ಹುಡುಗನ ದನಿಯಲ್ಲಿ. "ಅವನು ನನ್ನ ಜೊತೆ ಆಮೇಲೆ ಮಾತೇ ಆಡಲಿಲ್ಲ. ಅವನು ಹೇಳಿದ್ದೇ ನಿಜ ಇತ್ತು."

ಸುತ್ತಿಗೆಯನ್ನು ಮೇಜಿನ ಮೇಲಿಟ್ಟು ಹೊರಗೆ ಹೋದ. ಅಂದಿನಿಂದ ಅವನು ತಾಯಿಯೊಂದಿಗೆ ಮಾತು ಬಿಟ್ಟ. ತಟ್ಟೆ ತೆಗೆದುಕೊಂಡು ಮಲಗುವ ಕೋಣೆಗೆ ಹೋಗಿ ಬೆನ್ನು ಹಾಕಿ ಕೂತು ಉಣ್ಣುತ್ತಿದ್ದ. ಅತ್ತೆ ಬಡಿಸಿದ್ದನ್ನು ಮುಟ್ಟುತ್ತಿರಲಿಲ್ಲ, ಸೊಸೆಯೇ ಬಡಿಸಬೇಕಿತ್ತು. ಅರ್ಧ ಮುಚ್ಚಿದ ಕಿಟಕಿಯ ಆ ಮನೆಯಲ್ಲಿ, ಮಿಡತೆಯನ್ನು ಶಾಲೆಗೆ ಕಳಿಸದೆ, ಸ್ಕೂಟರ್ ಸದ್ದಾದರೆ ಬೆಚ್ಚಿಬೀಳುತ್ತ ದಿನ ದೂಡಿದರು.

"ನಾನು ಅವಳನ್ನ ನೋಡಬೇಕು," ಎಂದರು ಅತ್ತೆ ಒಂದು ಬೆಳಿಗ್ಗೆ.

"ಯಾರನ್ನ?"

"ರಿಬ್ಬನ್ನಿನವಳನ್ನ. ಅವಳಿಗೆ ಮೊದಲು ಹೇಳಬೇಕಿತ್ತು. ಎಲ್ಲಿದ್ದಾಳೋ ಗೊತ್ತಿಲ್ಲ."

ಅದೇ ದಿನ ಸೊಸೆ ಅಂಗಡಿಯಿಂದ ಮಧ್ಯಾಹ್ನವೇ ಮನೆಗೆ ಬಂದಳು. ರಸ್ತೆಯಾಚೆ ಸ್ಕೂಟರ್ ನಿಂತಿತ್ತು. ಗೇಟಿನ ಹತ್ತಿರ ಬಂದವಳಿಗೆ ಮಗಳ ಹುಬ್ಬಿನ ಹೊಲಿಗೆ ನೆನಪಾಗಿ ಮೈ ಉರಿಯಿತು. ಭಯವೇನೂ ಹೋಗಿರಲಿಲ್ಲ. ಆದರೂ ಕಾಲು ರಸ್ತೆ ದಾಟಿಸಿತು. ಸ್ಕೂಟರಿನ ಕೀಲಿಯನ್ನೇ ಕಿತ್ತುಕೊಂಡಳು.

"ಹೆಲ್ಮೆಟ್ ತೆಗಿ! ಯಾರು ನೀನು? ಮಗುವಿಗೆ ಕಲ್ಲು ಹೊಡೆದದ್ದು ನೀನೇನಾ?"

"ಅಯ್ಯೋ, ಮೆಲ್ಲಗೆ, ಮೆಲ್ಲಗೆ ಅಮ್ಮಾ!" ಆ ಆಳು ಎರಡೂ ಕೈ ಮೇಲೆತ್ತಿದ. ಹೆಲ್ಮೆಟ್ ತೆಗೆದರೆ ಮೂವತ್ತು ದಾಟಿದ, ಬೆವರಿದ, ಅವಳಿಗಿಂತ ಹೆಚ್ಚು ಹೆದರಿದ ಮುಖ. "ನಾನು ಅಂಚೆ ಕಚೇರೀಲಿ ಗುಮಾಸ್ತ. ಕಲ್ಲು ಗಿಲ್ಲು ನನಗೆ ಗೊತ್ತಿಲ್ಲ. ಆ ಬಿದ್ದರಲ್ಲ, ರಿಬ್ಬನ್ನಿನವರು, ಅವರು ನಮ್ಮ ದೊಡ್ಡಮ್ಮ."

ಸೊಸೆ ಕೀಲಿಯನ್ನು ಅವನ ಕೈಗೇ ಹಾಕಿದಳು.

"ದೊಡ್ಡಮ್ಮನೇ ಕಳಿಸ್ತಾರೆ, ಹೋಗಿ ಮಾತಾಡು ಅಂತ. ಬರ್ತೀನಿ, ಗಂಟೆ ಒತ್ತೋಕೆ ಧೈರ್ಯ ಆಗಲ್ಲ, ಹೋಗ್ತೀನಿ. ನಮ್ಮ ಮನೆ ಫೋಟೋನೂ ಹಾಕಿದ್ದಾರೆ. ಸುಳ್ಳಿ, ನಾಟಕದವಳು ಅಂತ ಗೋಡೆ ಮೇಲೆಲ್ಲ ಬರೆದಿದ್ದಾರೆ. ದೊಡ್ಡಮ್ಮ ಬಾಗಿಲು ತೆಗೆದು ಹೊರಗೆ ಬಂದು ಮೂರು ವಾರ ಆಯ್ತು."

ಮರುದಿನವೇ ಅತ್ತೆ ಸೊಸೆ ಹೊರಟರು. ಅತ್ತೆ ತಲೆಗೆ ಶಾಲು ಹೊದ್ದು, ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಮುಕ್ಕಾಲು ಗಂಟೆಯ ದಾರಿ. "ಇಷ್ಟು ಹತ್ತಿರ ಇದ್ದಾಳೆ ಅಂತ ಗೊತ್ತೇ ಇರಲಿಲ್ಲ," ಎಂದರೊಮ್ಮೆ. ಅವರ ಅಂಗೈಯ ಬೆವರಿಗೆ ಟಿಕೆಟ್ಟು ಮುದ್ದೆಯಾಗಿತ್ತು.

ಸಣ್ಣ ಮನೆ, ಪರದೆ ಎಳೆದ ಮುಂಗೋಣೆ. ಹೊಲಿಗೆ ಯಂತ್ರದ ಪಕ್ಕ, ಕುರ್ಚಿಗೆ ಊರುಗೋಲು ಒರಗಿಸಿಕೊಂಡು ಒಬ್ಬ ಹೆಂಗಸು ಕೂತಿದ್ದರು. ತಲೆ ಪೂರ್ತಿ ನರೆತಿತ್ತು. ಒಂದು ಕಾಲು ಮಡಿಸಲಾಗದೆ ನೇರವಾಗಿ ಸ್ಟೂಲಿನ ಮೇಲಿತ್ತು. ಅತ್ತೆ ಆ ಕಾಲನ್ನು ನೋಡಿದರು, ಆಮೇಲೆ ಬೇರೆಲ್ಲೂ ನೋಡಲಾಗದವರಂತೆ ಅಲ್ಲೇ ನಿಂತರು.

"ಕೂತ್ಕೋ," ಎಂದರು ರಿಬ್ಬನ್ನಿನವರು. "ನಿನಗೂ ವಯಸ್ಸಾಗಿದೆ."

"ನಾನು ತಳ್ಳಿದೆ," ಎಂದರು ಅತ್ತೆ, ನಿಂತೇ.

"ಗೊತ್ತು. ಬಿದ್ದವಳಿಗೆ ಗೊತ್ತಾಗಲ್ವಾ? ಅವತ್ತಿಂದ ಗೊತ್ತು. ಮೂವತ್ತೆಂಟು ವರ್ಷ ಇಲ್ಲದ್ದು ಇವತ್ತು ಯಾಕೆ ಬಂದೆ? ಮನಸ್ಸು ಕರಗಿತಾ?"

"ಇಲ್ಲ. ಮೊಮ್ಮಗಳಿಗೆ ಕಲ್ಲು ಬಿತ್ತು. ಹೆದರಿ ಬಂದೆ."

ಈಗ ಬೈಯುತ್ತಾರೆ, ಈಗ ಊರುಗೋಲು ಎತ್ತುತ್ತಾರೆ ಎಂದುಕೊಂಡಳು ಸೊಸೆ. ರಿಬ್ಬನ್ನಿನವರು ಊರುಗೋಲನ್ನು ಗೋಡೆಗೆ ಸರಿಸಿಟ್ಟರು.

"ಇದೊಂದು ಸುಳ್ಳು ಹೇಳಲಿಲ್ಲವಲ್ಲ," ಎಂದರು. ತಂಗಿಯ ಮಗನಿಗೆ ಟೀ ತರಲು ಹೇಳಿದರು. ಟೀ ಬಂತು, ಯಾರೂ ಕುಡಿಯಲಿಲ್ಲ. "ಕೇಳು. ನೀನು ಕಾಲಿಗೆ ಬೀಳೋದು ಬೇಡ. ಕ್ಷಮಿಸ್ತೀನಿ ಅಂತ ನಾನು ಹೇಳಲ್ಲ, ನನಗೆ ಆಗಲ್ಲ. ಆ ಚಾನೆಲ್‌ನಲ್ಲಿ ನಿನ್ನ ಪಕ್ಕ ಕೂರು ಅಂದ್ರೆ ಅದೂ ಆಗಲ್ಲ. ಆದ್ರೆ ಸಮಿತಿ ಮುಂದೆ ನಾನು ಒಬ್ಬಳೇ ನಿಜ ಹೇಳಿದ್ದೆ. ಅವತ್ತಿಂದ ಅರ್ಧ ಊರು ನನ್ನ ಸುಳ್ಳಿ ಅಂತ ಕರೀತು. ಕಾಲು ಹೋಗಿದ್ದಕ್ಕಿಂತ ಅದು ನನ್ನ ಹೆಚ್ಚು ಕೊಂದಿತು. ಅದು ನಿಲ್ಲಬೇಕು. ನೀನು ಹೇಳಿದ್ರೆ ಮಾತ್ರ ನಿಲ್ಲುತ್ತೆ."

"ಹೇಳಿದ್ರೆ ಆ ಜನ ಇವರ ಮನೆಗೆ ಬೆಂಕಿ ಇಡ್ತಾರೆ ದೊಡ್ಡಮ್ಮ," ಎಂದ ಗುಮಾಸ್ತ.

"ಇಟ್ಟರೂ ಇಡಬಹುದು," ಎಂದರು ರಿಬ್ಬನ್ನಿನವರು. "ಬೇಡ ಅಂತ ನಾನು ಹೇಳಲಾರೆ."

ಬರುವಾಗ ಬಸ್ಸಿನಲ್ಲಿ ಸೊಸೆ ತಡೆಯಲಾಗದೆ ಹೇಳಿದಳು: "ಅತ್ತೆ, ಬೇಡ. ಇನ್ನೊಂದು ತಿಂಗಳು ಸುಮ್ಮನಿದ್ದುಬಿಡಿ. ಜನ ಮರೀತಾರೆ. ನನಗೆ ನನ್ನ ಮಗು ಮುಖ್ಯ."

"ನನಗೂ," ಎಂದರು ಅತ್ತೆ. ಸ್ವಲ್ಪ ಹೊತ್ತಿನ ಮೇಲೆ, "ನಾಳೆ ಮಿಡತೆ ಮತ್ತೆ ಕೇಳಿದ್ರೆ ಏನು ಹೇಳ್ತೀಯ?" ಎಂದರು.

ಇಲ್ಲ ಎಂದರೆ ಮಗಳೂ ತಲೆಯೆತ್ತಿ ಆ ಇಲ್ಲವನ್ನೇ ಹೇಳುತ್ತಾಳೆ, ಅಪ್ಪನ ಹಾಗೆ. ಮುಂದೊಂದು ದಿನ ಅಪ್ಪನ ಹಾಗೆಯೇ ಬಾಗಿಲು ದಾಟಿ ಹೊರಗೆ ಹೋಗುತ್ತಾಳೆ.

ಮರುದಿನ ಅಡುಗೆಮನೆಯಲ್ಲೇ, ಸೊಸೆಯ ಫೋನಿನಲ್ಲಿ ವಿಡಿಯೋ ಮಾಡಿದರು. ಅತ್ತೆ ಕೂದಲು ಬಾಚಿ, ಒಗೆದ ಸೀರೆಯುಟ್ಟು ಸ್ಟೂಲಿನ ಮೇಲೆ ಕೂತರು. ಮೊದಲ ಸಲ ಕುಕ್ಕರ್ ಕೂಗಿತು. ಎರಡನೆಯ ಸಲ ಸೊಸೆ ಫೋನ್ ಓರೆ ಹಿಡಿದು ಅತ್ತೆಯ ತಲೆಯೇ ಬರಲಿಲ್ಲ. ಮೂರನೆಯ ಸಲ ಅತ್ತೆ ಸಾಫಾಗಿ ಹೇಳಿದರು: "ನೀವು ಮೊಣಕೈ ಅಂತೀರಲ್ಲ, ಅವಳು ನಾನೇ. ಕೊನೆಯ ತಿರುವಿನಲ್ಲಿ ನಾನು ಅವರನ್ನ ಬೇಕಂತಲೇ ತಳ್ಳಿದೆ. ಅವರು ಸಮಿತಿ ಮುಂದೆ ಹೇಳಿದ್ದು ಅಕ್ಷರ ಅಕ್ಷರ ನಿಜ. ನಾನು ಹೇಳಿದ್ದು ಸುಳ್ಳು. ನನ್ನ ಮಗನಿಗಾಗಲಿ ಸೊಸೆಗಾಗಲಿ ಇದು ಗೊತ್ತಿರಲಿಲ್ಲ. ಬೈಯೋದಿದ್ರೆ ನನ್ನ ಬೈಯಿರಿ. ನಾನು ಬೀಳಿಸಿದವರ ಮನೆ ಹತ್ತಿರ ಹೋಗಬೇಡಿ."

ಇಷ್ಟೇ. ಒಂದು ನಿಮಿಷವೂ ಆಗಲಿಲ್ಲ.

ಇಂಟರ್ನೆಟ್‌ಗೆ ಹಾಕುವುದು ಹೇಗೆಂದು ಅತ್ತೆಗೆ ತಿಳಿಯದು. ಒತ್ತಬೇಕಾದವಳು ಸೊಸೆಯೇ. ರಟ್ಟು ಬಡಿದ ಕಿಟಕಿ ನೋಡಿದಳು. ಒಳಕೋಣೆಯಲ್ಲಿ ಹಾಸಿಗೆಯ ಮೇಲೆ ಕುಪ್ಪಳಿಸುತ್ತಿದ್ದ ಮಗಳ ಸದ್ದು ಕೇಳಿದಳು. ಕಣ್ಣು ಮುಚ್ಚಿ ಒತ್ತಿದಳು.

ಮುಂದಿನ ನಾಲ್ಕು ದಿನ ಹೇಗೆ ಕಳೆದವೋ ಅವಳಿಗೇ ಗೊತ್ತು. ತಳ್ಳಿದಳು ಎಂದು ಮೊದಲಿನಿಂದ ಹೇಳುತ್ತಿದ್ದವರು ಒಂದೆರಡು ದಿನ ಕೇಕೆ ಹಾಕಿ ಸುಮ್ಮನಾದರು. ನಂಬಿದ್ದವರ ಸಿಟ್ಟೇ ಭೀಕರವಾಗಿತ್ತು. ನಾವಿದ್ದೀವಿ ಎನ್ನುತ್ತಿದ್ದ ಟೈಲರ್ ಈಗ ಬಾಗಿಲಿಗೆ ಬಂದು, "ನಮ್ಮ ಮರ್ಯಾದೆ ತೆಗೆದ್ರಿ," ಎಂದು ಉಗಿದು ಹೋದ. ಮುದುಕನೊಬ್ಬ ಎಲ್ಲಿಂದಲೋ ಬಂದು, ಪೇಪರಿನಿಂದ ಕತ್ತರಿಸಿ ಇಷ್ಟು ವರ್ಷ ಇಟ್ಟುಕೊಂಡಿದ್ದ ಅತ್ತೆಯ ಫೋಟೋವನ್ನು ಗೇಟಿನ ಮುಂದೆ ನಿಂತು ಹರಿದು, ಅಳುತ್ತ ಹೋದ. ಅಂಗಡಿಯ ಮಾಲೀಕರು ಸೊಸೆಯೊಂದಿಗೆ ಮಾತು ಕಡಿಮೆ ಮಾಡಿದರು, ಕೆಲಸದಿಂದ ತೆಗೆಯಲಿಲ್ಲ. ಚಾನೆಲ್‌ನವರು ದಿನಕ್ಕೆ ಹತ್ತು ಸಲ ಫೋನ್ ಮಾಡಿದರು. ಅತ್ತೆ, ಹೇಳೋದೆಲ್ಲ ಹೇಳಿ ಆಯ್ತು ಎಂದರು. ಮೂರನೇ ದಿನ ಗುಮಾಸ್ತನಿಂದ ಒಂದು ಸಾಲು ಬಂತು: ದೊಡ್ಡಮ್ಮ ಇವತ್ತು ಬಾಗಿಲು ತೆಗೆದು ಮೆಟ್ಟಿಲ ಮೇಲೆ ಕೂತಿದ್ದರು.

ಅತ್ತೆ ಅದನ್ನು ಎರಡು ಸಲ ಓದಿಸಿಕೊಂಡರು.

ಐದನೆಯ ಬೆಳಿಗ್ಗೆ ಅವರೇ ಮಿಡತೆಯ ಜಡೆ ಹೆಣೆದು, ಡಬ್ಬಿಗೆ ಬ್ರೆಡ್ಡು ಮೊಟ್ಟೆ ತುಂಬಿದರು. "ಹತ್ತು ದಿನ ಆಯ್ತು. ಶಾಲೆಗೆ ಹೋಗಬೇಕು. ನಾನೂ ಬರ್ತೀನಿ."

"ಅತ್ತೆ, ನೀವು ಬಂದ್ರೆ..." ಸೊಸೆ ಹೇಳುವಷ್ಟರಲ್ಲಿ ಅತ್ತೆ ಚಪ್ಪಲಿ ಮೆಟ್ಟಿದ್ದರು.

ಮೂವರೂ ಹೊರಟರು. ಅತ್ತೆ ಶಾಲು ಹೊದೆಯಲಿಲ್ಲ. ಬೀದಿಯ ಎರಡೂ ಬದಿಯ ಬಾಗಿಲುಗಳಲ್ಲಿ ಮುಖಗಳು ಕಂಡವು. ಯಾವ ಕೈಯಲ್ಲಿ ಏನಿದೆಯೋ ಎಂದು ಸೊಸೆ ಕೈಗಳನ್ನೇ ನೋಡುತ್ತ ನಡೆದಳು. ಮಿಡತೆ ಕುಪ್ಪಳಿಸಲಿಲ್ಲ. ಗಂಡ ಕೆಲಸದ ಚೀಲ ಹೆಗಲಿಗೇರಿಸಿ ಇಪ್ಪತ್ತು ಹೆಜ್ಜೆ ಹಿಂದೆ ಬರುತ್ತಿದ್ದ, ಇವರಿಗೂ ತನಗೂ ಸಂಬಂಧವಿಲ್ಲದವನಂತೆ.

ಬಸ್ ನಿಲ್ದಾಣದಲ್ಲಿ ಐದಾರು ಜನರಿದ್ದರು. ಕೈಚೀಲ ಹಿಡಿದ ಒಬ್ಬ ಹೆಂಗಸು ಅತ್ತೆಯನ್ನು ಮೇಲಿಂದ ಕೆಳಗೆ ನೋಡಿದಳು.

"ಆ ವಿಡಿಯೋದವರು ನೀವೇ ಅಲ್ವಾ?"

"ಹೌದು."

"ಬೇಕಂತಲೇ ತಳ್ಳಿದ್ರಾ?"

"ಹೌದು."

ಸೊಸೆ ಮಗಳನ್ನು ಎಳೆದು ಸೆರಗಿಗೆ ಒತ್ತಿಕೊಂಡಳು. ಆ ಹೆಂಗಸು ಇನ್ನೇನೋ ಅನ್ನಲು ಬಾಯಿ ತೆರೆದಳು. ಮತ್ತೇನು ಕೇಳುವುದೆಂದು ತಿಳಿಯದವಳಂತೆ ಮುಚ್ಚಿದಳು. ಎರಡು ಹೆಜ್ಜೆ ದೂರ ಸರಿದು ನಿಂತಳು. ಅಷ್ಟರಲ್ಲಿ ಬಸ್ಸು ಬಂತು.

ಒಳಗೆ ನೂಕುನುಗ್ಗಲು. ಅತ್ತೆ ಕಂಬ ಹಿಡಿದು ನಿಂತರು. ಗುರುತು ಹಿಡಿದ ಇಬ್ಬರು ಸೀಟಿನಲ್ಲೇ ಹೊರಳಿ ನೋಡತೊಡಗಿದರು. ಸೊಸೆ ಚೀಲದಲ್ಲಿ ಚಿಲ್ಲರೆಗೆ ತಡಕಾಡುತ್ತಿದ್ದಂತೆ ಕಂಡಕ್ಟರ್ ಹಿಂಬಾಗಿಲಲ್ಲಿ ಗಂಡನ ಹತ್ತಿರ ನಿಂತ.

"ಎಷ್ಟು?" ಎಂದ. "ಒಬ್ಬರಾ?"

ಗಂಡ ಜನರ ತಲೆಗಳ ಮೇಲಿಂದ ಮುಂದೆ ನೋಡಿದ. ಸೊಸೆಗೆ ಅವನ ಕಣ್ಣು ಕೆಂಪಾಗಿರುವುದು ಕಂಡಿತು.

"ನಾಲ್ಕು," ಎಂದ ಅವನು, ಬಸ್ಸಿಗೆಲ್ಲ ಕೇಳುವಂತೆ. "ಅಲ್ಲಿ ಕಂಬ ಹಿಡ್ಕೊಂಡು ನಿಂತಿದ್ದಾರಲ್ಲ, ಅವರು ನಮ್ಮಮ್ಮ."